ಯಾರೊಡನೆ ಎಷ್ಟು ಮಾತು: ಮೊಬೈಲಿನ ಪಟ್ಟಿ ಮತ್ತು ಶರಣ ಧರ್ಮ

 

ಇಂದು ವಾಟ್ಸ್‌ಆ್ಯಪ್ ಇಲ್ಲದ ಮನೆ ಅಪರೂಪ. ಅದರಲ್ಲಿ ಒಂದು ಫೋಟೊವನ್ನು ಫಾರ್ವರ್ಡ್ ಮಾಡಲು ಹೋದರೆ, ನಾವು ಹೆಚ್ಚಾಗಿ ಸಂಪರ್ಕಿಸುವವರ ಹೆಸರುಗಳು ಮೇಲೆ ಬಂದು ನಿಲ್ಲುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆದರೆ ಯಾರ ಚಾಟ್ ಎಷ್ಟು ಜಾಗ ಹಿಡಿದಿದೆ ಎಂಬ ಲೆಕ್ಕ ಸಿಗುತ್ತದೆ. ಒಂದೇ ಒಂದು ಸಂದೇಶ ಓದದೆಯೂ ನಾವು ಯಾರಿಗೆ ಹತ್ತಿರ ಎಂದು ನೋಡಿದವರು ಊಹಿಸಿಬಿಡಬಹುದು. 2016ರಿಂದ ಅಲ್ಲಿನ ಸಂದೇಶಗಳಿಗೆ ಎನ್‌ಕ್ರಿಪ್ಷನ್ ಎಂಬ ಬೀಗವಿದೆ; ನಡುವಿನವರು ಓದಲಾರರು. ಆದರೆ ಯಾರು ಯಾರೊಡನೆ ಮಾತಾಡಿದರು ಎಂಬುದು ಆ ಬೀಗದ ಹೊರಗೇ ಉಳಿಯುತ್ತದೆ. ತೆರೆದ ಫೋನು ಕೈಗೆ ಸಿಕ್ಕವರಿಗಂತೂ ಬೀಗವೇ ಇಲ್ಲ.

ಇದರಿಂದೇನು ಕೇಡು ಎನ್ನುವವರು 2010ರ ಒಂದು ಘಟನೆ ತಿಳಿಯಬೇಕು. ಆ ವರ್ಷ ಗೂಗಲ್ ತನ್ನ ಜಿಮೇಲ್‌ನೊಳಗೆ ‘ಬಝ್’ ಎಂಬ ಸೇವೆ ತಂದಿತು. ಬಳಕೆದಾರರು ಹೆಚ್ಚು ಪತ್ರ ಬರೆಯುತ್ತಿದ್ದವರ ಹೆಸರುಗಳು ಎಲ್ಲರಿಗೂ ಕಾಣುವಂತಾದವು. ಮಾನಸಿಕ ವೈದ್ಯರ ಬಳಿ ಬರುತ್ತಿದ್ದವರು, ವಕೀಲರ ಕಕ್ಷಿದಾರರು, ಹಿಂಸಿಸಿದ್ದ ಮಾಜಿ ಗಂಡಂದಿರು ಕೂಡ ಆ ಪಟ್ಟಿಗಳಲ್ಲಿ ಬಂದರೆಂದು ಅಮೆರಿಕದ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು. ಗೂಗಲ್ ಕ್ಷಮೆ ಕೇಳಿತು. ಮುಂದಿನ ವರ್ಷ 20 ವರ್ಷಗಳ ಕಾಲ ಸ್ವತಂತ್ರ ತಪಾಸಣೆಗೆ ಒಪ್ಪಬೇಕಾಯಿತು.

ನಮ್ಮ ಮನೆಗಳಲ್ಲಿ ಈ ತಪಾಸಣೆಯನ್ನು ನಾವೇ ಮಾಡುತ್ತಿದ್ದೇವೆ. ಮಗಳ ಫೋನು ತೆಗೆದು ಮೇಲಿನ ಹೆಸರು ಯಾರದು ಎಂದು ನೋಡುತ್ತೇವೆ. ಮಗನ ಫೋನನ್ನು ಅಷ್ಟು ನೋಡುವುದಿಲ್ಲ. ಆ ಹೆಸರು ಬೇರೆ ಜಾತಿಯದಾದರೆ ಅಂದೇ ಕಾಲೇಜು ಬಿಡಿಸಿ ವರ ಹುಡುಕುವವರೂ ಇದ್ದಾರೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣ ತೆತ್ತ ಬೆಲೆಯನ್ನು ವೇದಿಕೆಯಲ್ಲಿ ಕೊಂಡಾಡುವ ನಾವು, ಮನೆಯಲ್ಲಿ ಬಿಜ್ಜಳನ ಕಾವಲುಗಾರರಾಗುವುದು ಸರಿಯೇ?

ಕಾಲುವೆಗೆ ಗೇಜ್ ಹಾಕಿದರೆ ಎಷ್ಟು ನೀರು ಹರಿಯಿತೆಂದು ತಿಳಿಯುತ್ತದೆ. ನೀರು ಸಿಹಿಯೋ ಸವಳೋ ತಿಳಿಯುವುದಿಲ್ಲ. ಈ ಪಟ್ಟಿಯೂ ಅಷ್ಟೇ. ಹತ್ತು ಸಲ ಮಾತಾಡಿದ್ದು ಪಾಠದ ಸಂಶಯಕ್ಕಿರಬಹುದು, ಸಾಲದ ಕಷ್ಟಕ್ಕಿರಬಹುದು, ಕುಡಿತ ಬಿಡಲು ಹೆಣಗುತ್ತಿರುವವನು ಮಠದ ಹಿರಿಯರಿಗೆ ಮಾಡಿದ ಮೊರೆಯಿರಬಹುದು. ಎಣಿಕೆಯನ್ನು ನಡತೆಯ ಪ್ರಮಾಣಪತ್ರ ಮಾಡಬಾರದು.

“ನಡೆ ನುಡಿ ಒಂದಾದವರಿಗೆ ಮುಚ್ಚಿಡುವುದೇನಿದೆ?” ಎಂದು ಕೇಳುವವರಿದ್ದಾರೆ. ನಡೆ ನುಡಿ ಒಂದಾಗಿರಬೇಕು, ನಿಜ. ಅದು ನಮ್ಮನ್ನು ನಾವು ಕೇಳಿಕೊಳ್ಳುವ ಪ್ರಶ್ನೆ. ಇನ್ನೊಬ್ಬರ ಫೋನು ತೆರೆಯಲು ಕೊಟ್ಟ ಪರವಾನಗಿಯಲ್ಲ. ಇಷ್ಟಲಿಂಗ ಅವರವರ ಎದೆಯ ಮೇಲಿದೆ, ಪೂಜೆ ಅವರವರ ಅಂಗೈಯಲ್ಲಿ. ನಡುವೆ ಪುರೋಹಿತ ಬೇಡವೆಂದ ಧರ್ಮ ಮನುಷ್ಯನ ಅಂತರಂಗಕ್ಕೆ ಕೊಟ್ಟ ಗೌರವ ಅದು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಚಿಕ್ಕ ಮಕ್ಕಳ ಮೇಲೆ ನಿಗಾ ಬೇಕು. ಅದು ಅವರಿಗೆ ಹೇಳಿಯೇ ಆಗಲಿ. ವಯಸ್ಸಿಗೆ ಬಂದವರನ್ನು ಎದುರು ಕೂರಿಸಿ ಮಾತಾಡಿ. ‘ಲಾಸ್ಟ್ ಸೀನ್’, ‘ಆನ್‌ಲೈನ್’ ಯಾರಿಗೆ ಕಾಣಬೇಕೆಂಬುದನ್ನು ಪ್ರೈವೆಸಿ ವಿಭಾಗದಲ್ಲಿ ನೀವೇ ನಿರ್ಧರಿಸಿ. ‘ಲಿಂಕ್ಡ್ ಡಿವೈಸಸ್’ ತೆರೆದು, ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ. ಮಠ, ಬಳಗಗಳವರಲ್ಲಿ ಒಂದು ವಿನಂತಿ: ನೂರಾರು ಜನರ ಗುಂಪಿನಲ್ಲಿ ಶರಣೆಯರ ನಂಬರುಗಳು ಅಪರಿಚಿತರಿಗೂ ಕಾಣುತ್ತವೆ. ಸೂಚನೆ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಸಾಕು. ಅದರಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣದು. ಪ್ರಸಾದ ನಿಲಯಗಳಲ್ಲಿ ವಿದ್ಯಾರ್ಥಿಗಳ ಫೋನು ಇಟ್ಟುಕೊಳ್ಳುವ ನಿಯಮವಿದ್ದರೆ ಇಟ್ಟುಕೊಳ್ಳಲಿ, ತೆರೆದು ನೋಡದಿರಲಿ.

ಅನುಭವ ಮಂಟಪದಲ್ಲಿ ಶರಣರು ಮನಬಿಚ್ಚಿ ಮಾತಾಡಿದ್ದು ಅಲ್ಲಿ ನಂಬಿಕೆ ಇತ್ತೆಂಬ ಕಾರಣಕ್ಕೆ. ಮಕ್ಕಳು ತಾವಾಗಿಯೇ ಬಂದು ಹೇಳುವಂಥ ನಂಬಿಕೆಯನ್ನು ಮನೆಯಲ್ಲಿ ಬೆಳೆಸೋಣ. ಪಟ್ಟಿ ನೋಡುವ ಅಗತ್ಯವೇ ಬೀಳದು.