ಸೋಂಪಿನ ತಟ್ಟೆಯಲ್ಲಿ ಎಷ್ಟು ಬಿಡಬೇಕು?

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಇಂದು ನಾನು ಎತ್ತಿಕೊಂಡಿರುವ ವಿಷಯ ಬಹಳ ಸಣ್ಣದು. ಹೋಟೆಲಿನಲ್ಲಿ ಊಟ ಮುಗಿದಿದೆ. ಸೋಂಪು, ಕಲ್ಲುಸಕ್ಕರೆ ಇಟ್ಟ ಪುಟ್ಟ ತಟ್ಟೆಯಲ್ಲಿ ಬಿಲ್ಲು ಹೋಗಿ ಚಿಲ್ಲರೆ ಬಂದಿದೆ. ಆದರೆ ಊಟ ತಡವಾಗಿ ಬಂದಿತ್ತು, ಸಾರು ತಣ್ಣಗಿತ್ತು, ಎರಡು ಸಲ ಕೇಳಿದರೂ ನೀರು ಬರಲಿಲ್ಲ. ಈಗ ತಟ್ಟೆಯಲ್ಲಿ ಎಷ್ಟು ಬಿಡಬೇಕು? ಎಂದಿನಷ್ಟೇ ಬಿಡಬೇಕೆ, ಅರ್ಧಕ್ಕಿಳಿಸಬೇಕೆ, ಅಥವಾ ಇದ್ದಷ್ಟನ್ನೂ ಬಾಚಿ ಜೇಬಿಗೆ ಹಾಕಿಕೊಂಡು ಎದ್ದುಬಿಡಬೇಕೆ?

ಇಷ್ಟಕ್ಕೆ ಒಂದು ಭಾಷಣವೇ ಎಂದು ನೀವು ಕೇಳಬಹುದು. ಆದರೆ ಆ ತಟ್ಟೆಗೆ ಬೀಳುವ ಹಣ ಸಂಬಳದ ಮೇಲಿನ ಸಂತೋಷವೋ, ಅಥವಾ ಅದೇ ಸಂಬಳವೋ ಎನ್ನುವುದು ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಸಂತೋಷವನ್ನು ಕಡಿಮೆ ಮಾಡುವುದಕ್ಕೂ ಸಂಬಳವನ್ನು ಕತ್ತರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಮಗನ ಮನೆಗೆಂದು ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿಬಂದ ತಂದೆತಾಯಂದಿರು ಇಲ್ಲಿಯೂ ಕೆಲವರಿರಬಹುದು. 'ಅಷ್ಟು ಕೆಟ್ಟದಾಗಿ ಬಡಿಸಿದವನಿಗೂ ಇವನು ನೂರಕ್ಕೆ ಹದಿನೈದರಂತೆ ಕೊಟ್ಟು ಬಂದನಲ್ಲ' ಎಂದು ಮಗನ ಮೇಲೆ ರೇಗಿದವರೂ ಇರಬಹುದು. ಮಗ ಹಾಗೇಕೆ ಮಾಡಿದ ಎಂಬುದಕ್ಕೆ ಒಂದೂವರೆ ಶತಮಾನದ ಕಾರಣವಿದೆ.

ಮೊದಲು ಪದವನ್ನೇ ನೋಡೋಣ. ನಮ್ಮ ಹಿರಿಯರು ಇದನ್ನು ಇನಾಮು, ಭಕ್ಷೀಸು ಎನ್ನುತ್ತಿದ್ದರು. ಇನಾಮು ಅರಬ್ಬಿಯಿಂದ ಬಂದುದು, ಭಕ್ಷೀಸು ಫಾರ್ಸಿಯಿಂದ. ಎರಡೂ ಮೇಲಿನವನು ಕೆಳಗಿನವನಿಗೆ ಮೆಚ್ಚಿ ಕೊಟ್ಟದ್ದು ಎಂಬ ಅರ್ಥದವು. ಮೈಸೂರು ಸಂಸ್ಥಾನದ ಇನಾಮು ಜಮೀನುಗಳನ್ನು 1950ರ ದಶಕದ ಕಾಯಿದೆಗಳು ರದ್ದು ಮಾಡಿದವು. ಹೋಟೆಲಿನ ಮೇಜಿನ ಮೇಲಿನ ಇನಾಮು ಮಾತ್ರ ಯಾವ ಕಾಯಿದೆಗೂ ಸಿಗದೆ ಉಳಿದುಕೊಂಡಿತು. 'ಟಿಪ್' ಎಂಬುದು 'ಚುರುಕಾದ ಸೇವೆಯ ಖಾತರಿಗಾಗಿ' ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿತು ಎಂಬ ಕಥೆಯನ್ನು ನೀವು ಕೇಳಿರಬಹುದು. ಅದು ಕಟ್ಟುಕಥೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕಳ್ಳಕಾಕರು ತಮ್ಮೊಳಗೆ ಆಡುತ್ತಿದ್ದ ಗುಟ್ಟು ಭಾಷೆಯಲ್ಲಿ 'ಕೊಡು, ದಾಟಿಸು' ಎನ್ನಲು ಈ ಪದವಿತ್ತು. ಮೂಲ ಅಷ್ಟೇನೂ ಗೌರವದ್ದಲ್ಲ!

ಅಮೆರಿಕಕ್ಕೆ ಈ ರೂಢಿ ಬಂದದ್ದು ಯೂರೋಪಿನಿಂದ. 19ನೇ ಶತಮಾನದಲ್ಲಿ ಅಲ್ಲಿನ ಸಿರಿವಂತರು ಯೂರೋಪ್ ಪ್ರವಾಸ ಮಾಡಿ ಬಂದಾಗ ಆ ಶ್ರೀಮಂತಿಕೆಯ ಗತ್ತನ್ನೂ ಹೊತ್ತು ತಂದರು. ಮೊದಮೊದಲು ಸಾಮಾನ್ಯ ಅಮೆರಿಕನ್ನರಿಗೆ ಇದು ಸಹಿಸಲಿಲ್ಲ. ಎಲ್ಲರೂ ಸಮಾನರು ಎನ್ನುವ ದೇಶದಲ್ಲಿ ಒಬ್ಬನು ಇನ್ನೊಬ್ಬನ ಕೈಗೆ ನಾಣ್ಯ ತುರುಕುವುದೆಂದರೇನು ಎಂಬುದು ಅವರ ಆಕ್ಷೇಪ. 1909ರಲ್ಲಿ ವಾಷಿಂಗ್ಟನ್ ರಾಜ್ಯವು ಟಿಪ್ಸನ್ನು ನಿಷೇಧಿಸಿ ಕಾನೂನನ್ನೇ ಮಾಡಿತು. ಮಿಸಿಸಿಪ್ಪಿ, ಅರ್ಕಾನ್ಸಾಸ್, ಅಯೋವಾ ಮೊದಲಾದ ರಾಜ್ಯಗಳೂ ಅದೇ ಹಾದಿ ಹಿಡಿದವು. ಆದರೆ 1926ರ ಹೊತ್ತಿಗೆ ಈ ಕಾನೂನುಗಳೆಲ್ಲ ಬಿದ್ದುಹೋಗಿದ್ದವು.

ಏಕೆ ಬಿದ್ದುಹೋದವು? ಟಿಪ್ಸ್‌ನಿಂದ ಲಾಭವಾಗುತ್ತಿದ್ದುದು ಮುಖ್ಯವಾಗಿ ಮಾಲೀಕರಿಗೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದ ಕರಿಯ ಜನರಿಗೆ ಸಿಕ್ಕ ಕೆಲಸಗಳಲ್ಲಿ ಹೋಟೆಲು, ರೈಲುಗಳ ಚಾಕರಿ ಮುಖ್ಯವಾದುದು. ಹೋಟೆಲಿನವರು ಅವರಿಗೆ ಸಂಬಳ ಕೊಡುತ್ತಿದ್ದುದು ಅಲ್ಪ, ಕೆಲವೆಡೆ ಏನೂ ಇಲ್ಲ. ಗಿರಾಕಿ ಕೊಟ್ಟದ್ದೇ ಸಂಬಳ. ಪುಲ್‌ಮನ್ ಎಂಬ ಕಂಪನಿಯ ಮಲಗುವ ರೈಲುಡಬ್ಬಿಗಳಲ್ಲಿ ಕೆಲಸ ಮಾಡುತ್ತಿದ್ದ ಕರಿಯ ಪೋರ್ಟರುಗಳ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಹಾಸಿಗೆ ಹಾಸುವುದು, ಬೂಟು ಉಜ್ಜುವುದು, ರಾತ್ರಿಯೆಲ್ಲ ಎಚ್ಚರವಿರುವುದು ಅವರ ಕೆಲಸ. ಪ್ರಯಾಣಿಕರು ಅವರ ಹೆಸರು ಕೇಳುವ ಗೋಜಿಗೂ ಹೋಗದೆ ಎಲ್ಲರನ್ನೂ 'ಜಾರ್ಜ್' ಎಂದೇ ಕರೆಯುತ್ತಿದ್ದರು. ಅದು ಕಂಪನಿಯ ಒಡೆಯ ಜಾರ್ಜ್ ಪುಲ್‌ಮನ್‌ನ ಹೆಸರು. ಗುಲಾಮನನ್ನು ಒಡೆಯನ ಹೆಸರಿನಿಂದ ಕರೆಯುತ್ತಿದ್ದ ಹಳೆಯ ಚಾಳಿ ಅದು. ಸಂಬಳ ಸಾಲದೆ ಅವರು ನಾಣ್ಯಕ್ಕಾಗಿ ನಗಬೇಕಿತ್ತು, ಅವಮಾನವನ್ನೂ ನುಂಗಿ ನಗಬೇಕಿತ್ತು. 1925ರಲ್ಲಿ ಎ. ಫಿಲಿಪ್ ರ್‍ಯಾಂಡಾಲ್ಫ್ ನೇತೃತ್ವದಲ್ಲಿ ಅವರು ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಅವರು ಕೇಳಿದ್ದು ಹೆಚ್ಚು ಟಿಪ್ಸನ್ನಲ್ಲ, ಬದುಕಲು ಸಾಕಾಗುವ ಸಂಬಳವನ್ನು ಎಂಬುದನ್ನು ಗಮನಿಸಬೇಕು.

ಹೋಟೆಲಿನವರಿಗೆ ಅಂಥ ಗೆಲುವು ಸಿಗಲಿಲ್ಲ. 1938ರ ಕನಿಷ್ಠ ವೇತನ ಕಾನೂನು ಅವರನ್ನು ಹೊರಗಿಟ್ಟಿತು. 1966ರ ತಿದ್ದುಪಡಿ ಒಳಗೆ ಸೇರಿಸಿತು, ಆದರೆ ಗಿರಾಕಿಗಳು ಕೊಡುವ ಟಿಪ್ಸನ್ನು ಕನಿಷ್ಠ ವೇತನದ ಒಂದು ಭಾಗವೆಂದು ಲೆಕ್ಕ ಹಿಡಿಯಲು ಮಾಲೀಕರಿಗೆ ಅವಕಾಶ ಕೊಟ್ಟಿತು. ಅದರ ಫಲವಾಗಿ, ಕೇಂದ್ರ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದುದು ಗಂಟೆಗೆ 2 ಡಾಲರ್ 13 ಸೆಂಟು ಮಾತ್ರ. ಈ ಮೊತ್ತ 1991ರಿಂದ ಬದಲಾಗಿಲ್ಲ. ಉಳಿದ ಕೆಲಸಗಾರರ ಕನಿಷ್ಠ ವೇತನ 2009ರಿಂದ 7 ಡಾಲರ್ 25 ಸೆಂಟು. ಟಿಪ್ಸ್ ಸೇರಿಸಿಯೂ ಅಷ್ಟಾಗದಿದ್ದರೆ ಕೊರತೆಯನ್ನು ಮಾಲೀಕ ತುಂಬಬೇಕೆಂಬ ನಿಯಮವೇನೋ ಇದೆ. ಆದರೆ ಅದನ್ನು ಮಾಲೀಕನ ಎದುರು ನಿಂತು ಕೇಳಬೇಕಾದವನು ಅದೇ ಕೆಲಸಗಾರ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಸೇರಿದಂತೆ ಏಳು ರಾಜ್ಯಗಳು ಈ ರಿಯಾಯಿತಿಯನ್ನು ಒಪ್ಪದೆ ಪೂರ್ಣ ವೇತನ ಕಡ್ಡಾಯ ಮಾಡಿವೆ. ಮಿಕ್ಕ ಹಲವು ರಾಜ್ಯಗಳಲ್ಲಿ 2.13ಕ್ಕಿಂತ ಹೆಚ್ಚಿನ ದರವಿದ್ದರೂ ಅದು ಪೂರ್ಣ ಕನಿಷ್ಠ ವೇತನವಲ್ಲ.

ಈಗ ಆ ಮಗನ ಲೆಕ್ಕ ನೋಡಿ. ಬಿಲ್ಲು 60 ಡಾಲರ್. ನೂರಕ್ಕೆ 15ರಂತೆ 9 ಡಾಲರ್. ಸೇವೆ ಕೆಟ್ಟದ್ದೆಂದು ಸಿಟ್ಟಾಗಿ 2 ಡಾಲರ್ ಇಟ್ಟು ಎದ್ದರೆ 7 ಡಾಲರ್ ಖೋತಾ. 2.13ರ ದರವಿರುವ ಊರಿನಲ್ಲಿ ಮಾಲೀಕ ಆ ಕೆಲಸಗಾರನಿಗೆ ಮೂರು ಗಂಟೆಗೆ ಕೊಡುವ ಹಣಕ್ಕಿಂತ ಇದು ಹೆಚ್ಚು. ಅಲ್ಲದೆ ಅನೇಕ ಹೋಟೆಲುಗಳಲ್ಲಿ ಬಡಿಸುವವನು ತನ್ನ ಟಿಪ್ಸ್‌ನಲ್ಲಿ ಮೇಜು ಒರೆಸುವವನಿಗೂ ಪಾನೀಯ ಕೊಡುವವನಿಗೂ ಪಾಲು ಕೊಡಬೇಕು. ತಣ್ಣಗಿನ ಸಾರಿನ ಶಿಕ್ಷೆ ಸಾರನ್ನು ಮುಟ್ಟದವನಿಗೂ ತಟ್ಟುತ್ತದೆ. ಅದಕ್ಕೇ ಅಲ್ಲಿನ ರೂಢಿಯಲ್ಲಿ ಸೇವೆ ಚೆನ್ನಾಗಿದ್ದರೆ 18ರಿಂದ 20, ಚೆನ್ನಾಗಿಲ್ಲದಿದ್ದರೆ 15 ಅಥವಾ 10. ಸೊನ್ನೆ ಎಂಬುದು ಬೈದು ಅವಮಾನಿಸಿದವನಿಗೆ ಮಾತ್ರ.

ಟಿಪ್ಸ್ ಇದ್ದರೆ ಸೇವೆ ಸುಧಾರಿಸುತ್ತದೆ ಎಂಬ ವಾದವೂ ಅಷ್ಟು ಗಟ್ಟಿಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೇಲ್ ಲಿನ್ ಎಂಬ ಪ್ರಾಧ್ಯಾಪಕರು ದಶಕಗಳಿಂದ ಇದನ್ನೇ ಅಭ್ಯಾಸ ಮಾಡಿದ್ದಾರೆ. ಸೇವೆಯ ಗುಣಕ್ಕೂ ಟಿಪ್ಸ್‌ನ ಪ್ರಮಾಣಕ್ಕೂ ಇರುವ ಸಂಬಂಧ ಬಹಳ ದುರ್ಬಲ ಎಂಬುದು ಅವರು ಕಂಡುಕೊಂಡದ್ದು. ಬಿಲ್ಲಿನ ಮೊತ್ತ ಎಷ್ಟು ಎಂಬುದೇ ಮುಖ್ಯ. ಅಂದಮೇಲೆ ನಾವು ತಟ್ಟೆಯಲ್ಲಿ ಕಡಿಮೆ ಬಿಟ್ಟು ಕಳುಹಿಸುವ 'ಸಂದೇಶ' ತಲುಪುವುದಾದರೂ ಹೇಗೆ? ಗಿರಾಕಿ ಜಿಪುಣ ಎಂದುಕೊಂಡು ಅವನು ತಟ್ಟೆ ಎತ್ತಿಕೊಂಡು ಹೋಗುತ್ತಾನೆ.

ಹಾಗಾದರೆ ಟಿಪ್ಸನ್ನೇ ತೆಗೆದುಹಾಕಿ ಬೆಲೆ ಏರಿಸಿ ಒಳ್ಳೆಯ ಸಂಬಳ ಕೊಡಬಾರದೇ? ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ನ್ಯೂಯಾರ್ಕಿನ ಹೆಸರಾಂತ ಹೋಟೆಲ್ ಉದ್ಯಮಿ ಡ್ಯಾನಿ ಮೇಯರ್ 2015ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿದರು. 2020ರಲ್ಲಿ, ಕೊರೋನಾ ಕಾಲದಲ್ಲಿ, ಟಿಪ್ಸನ್ನು ಮತ್ತೆ ತಂದರು. ನೆರೆಯ ಹೋಟೆಲುಗಳೆಲ್ಲ ಪಟ್ಟಿಯಲ್ಲಿ ಕಡಿಮೆ ಬೆಲೆ ಬರೆದಿರುವಾಗ ಒಬ್ಬರೇ ಹೆಚ್ಚು ಬೆಲೆ ಬರೆದು ನಿಲ್ಲುವುದು ಕಷ್ಟ.

ಇನ್ನು ನಮ್ಮಲ್ಲಿಗೆ ಬರೋಣ. ನಮ್ಮ ಕನಿಷ್ಠ ವೇತನದ ಕಾನೂನಿನಲ್ಲಿ 1948ರಿಂದಲೂ ಟಿಪ್ಸನ್ನು ಸಂಬಳದ ಲೆಕ್ಕಕ್ಕೆ ಹಿಡಿಯುವ ಅಮೆರಿಕದಂಥ ಏರ್ಪಾಡಿಲ್ಲ. ಐಟಿಸಿ ಹೋಟೆಲಿಗೆ ಸಂಬಂಧಿಸಿದ ಆದಾಯ ತೆರಿಗೆ ಪ್ರಕರಣವೊಂದರಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು, ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಮಾಲೀಕ ಹಂಚಿದರೂ ಅದು ಅವನು ಕೊಟ್ಟ ಸಂಬಳವಲ್ಲ, ಗಿರಾಕಿ ಕೊಟ್ಟದ್ದನ್ನು ಅವನು ದಾಟಿಸಿದ್ದಷ್ಟೆ ಎಂದಿತು. ಆದ್ದರಿಂದ ಇಲ್ಲಿ ತಟ್ಟೆಯ ಹಣ, ಕಾಗದದ ಮೇಲಾದರೂ, ಸಂತೋಷವೇ. ಸೇವೆ ಕೆಟ್ಟಿದ್ದರೆ ಏನೂ ಬಿಡದೆ ಎದ್ದರೂ ಪಾಪವಿಲ್ಲ. ಕಾಗದದಲ್ಲಿದ್ದಷ್ಟು ಸಂಬಳ ಎಲ್ಲ ಸಪ್ಲೈಯರುಗಳ ಕೈಗೂ ಬರುತ್ತದೆಯೇ ಎಂದು ಕೇಳಿದರೆ, ವರದಿಗಾರನಾದ ನಾನು ಹೌದೆಂದು ಹೇಳಲಾರೆ.

ಬೆಂಗಳೂರಿನ ದರ್ಶಿನಿಗಳು ಈ ಸಮಸ್ಯೆಯನ್ನು 1980ರ ದಶಕದಲ್ಲೇ ಬೇರೆ ರೀತಿಯಲ್ಲಿ ಬಗೆಹರಿಸಿದವು. ಟೋಕನ್ ಕೊಳ್ಳಿ, ಕೌಂಟರಿನಲ್ಲಿ ತಟ್ಟೆ ಪಡೆಯಿರಿ, ನಿಂತು ತಿನ್ನಿ. ಬಡಿಸುವ ಮಾಣಿಯೂ ಇಲ್ಲ, ಟಿಪ್ಸಿನ ತಾಪತ್ರಯವೂ ಇಲ್ಲ. ಸೇವೆ ಕೆಟ್ಟರೆ ಬೈದುಕೊಳ್ಳಬೇಕಾದದ್ದು ನಮ್ಮನ್ನೇ!

ಕುಳಿತು ಉಣ್ಣುವ ದೊಡ್ಡ ಹೋಟೆಲುಗಳಲ್ಲಿ ಇನ್ನೊಂದು ತಕರಾರಿದೆ. ಬಿಲ್ಲಿನ ಅಡಿಯಲ್ಲಿ 'ಸರ್ವಿಸ್ ಚಾರ್ಜ್' ಎಂದು ನೂರಕ್ಕೆ 5ರಿಂದ 10ರವರೆಗೆ ಸೇರಿಸಿರುತ್ತಾರೆ. ಇದು ಸರ್ಕಾರದ ತೆರಿಗೆ ಎಂದು ಅನೇಕರು ತಿಳಿದಿದ್ದಾರೆ. ಅಲ್ಲ; ತೆರಿಗೆ ಜಿಎಸ್‌ಟಿ ಬೇರೆ, ಇದು ಹೋಟೆಲಿನವರೇ ಹಾಕಿದ್ದು. ಸೇವೆ ಹೇಗಿತ್ತು ಎಂದು ನಾವು ತೀರ್ಮಾನಿಸುವ ಮೊದಲೇ ಅವರು ತೀರ್ಮಾನಿಸಿಬಿಟ್ಟಿರುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು, ಇದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಕೂಡದು ಎಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ಅದೇ ಕೋರ್ಟಿನ ಏಕಸದಸ್ಯ ಪೀಠವು ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಕೊನೆಗೆ, ಸೇವೆ ಕೆಟ್ಟಾಗ ಏನು ಮಾಡಬೇಕು? ಕೆಲವು ತಿಂಗಳ ಹಿಂದೆ ಪತ್ರಿಕೆಯ ರಾತ್ರಿ ಪಾಳಿ ಮುಗಿಸಿ ನಾವು ನಾಲ್ವರು ಒಂದು ಹೋಟೆಲಿಗೆ ಹೋಗಿದ್ದೆವು. ಚಪಾತಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಜೊತೆಯವರೊಬ್ಬರು 'ಇವನಿಗೆ ನಯಾಪೈಸೆ ಬಿಡಬಾರದು' ಎಂದರು. ಸುತ್ತ ನೋಡಿದರೆ ಒಂಬತ್ತು ಮೇಜುಗಳಿಗೆ ಒಬ್ಬನೇ ಹುಡುಗ. ನಾವು ಎಂದಿನ ಚಿಲ್ಲರೆಯನ್ನು ಅವನ ತಟ್ಟೆಯಲ್ಲಿ ಬಿಟ್ಟು, ದೂರನ್ನು ಗಲ್ಲಾದ ಮೇಲಿದ್ದವರ ಮುಂದೆ ಇಟ್ಟೆವು. ಅವರಿಗೆ ಅದು ಹಿಡಿಸಲಿಲ್ಲ.

ನನ್ನ ಪದ್ಧತಿ ಇದು. ಅಡುಗೆ ಕೆಟ್ಟಿದ್ದರೆ, ತಡವಾಗಿದ್ದರೆ, ಜನ ಸಾಲದಿದ್ದರೆ ಅದು ಗಲ್ಲಾದ ತಪ್ಪು; ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ಬಡಿಸುವವನೇ ಉಡಾಫೆ ಮಾಡಿದ್ದರೆ ತಟ್ಟೆಯಲ್ಲಿ ಕಡಿಮೆ ಮಾಡುವೆ, ಕಾರಣವನ್ನೂ ಅವನಿಗೇ ಹೇಳುವೆ. ಸರ್ವಿಸ್ ಚಾರ್ಜ್ ಹಾಕಿದ್ದರೆ ತೆಗೆಯಿರಿ ಎಂದು ಕೇಳುವೆ. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಮೆರಿಕಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಿ: ಆರೆಂಟು ಜನ ಒಟ್ಟಿಗೆ ಕುಳಿತರೆ ಅನೇಕ ಹೋಟೆಲುಗಳು 'ಗ್ರಾಚುಯಿಟಿ' ಎಂದು ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿರುತ್ತವೆ. ಅದರ ಕೆಳಗೆ ಟಿಪ್ಸ್ ಬರೆಯಲು ಮತ್ತೊಂದು ಖಾಲಿ ಗೆರೆಯೂ ಇರುತ್ತದೆ. ಅಲ್ಲಿ ಎರಡನೇ ಸಲ ಬರೆಯಬೇಕಾಗಿಲ್ಲ.