ದಾಖಲೆ ಬರೆಯುವವರು ಒಂದೆಡೆ ಕೂಡಬೇಕು

ಆರೋಗ್ಯ ಇಲಾಖೆಯ ಕಂಪ್ಯೂಟರ್ ಕೆಲಸ ಎಂದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕುಳಿತ ಎಂಜಿನಿಯರುಗಳದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತಂತ್ರಾಂಶ ಬರೆಯುವವರು ಅಲ್ಲಿರಬಹುದು. ಅದರೊಳಗೆ ಹೆಸರು, ವಯಸ್ಸು, ರಕ್ತದೊತ್ತಡ, ಲಸಿಕೆಯ ತಾರೀಖು ತುಂಬುವವರು ಮಾತ್ರ ಇಲ್ಲೇ ಇದ್ದಾರೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲೂಕು ಆಸ್ಪತ್ರೆಗಳಲ್ಲಿ ಚೀಟಿ ಮಾಡಿಕೊಡುವ ಕೌಂಟರಿನ ಹಿಂದೆ ಇದ್ದಾರೆ, ವಾಡಿ ಮತ್ತು ಶಹಾಬಾದಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುವ ಕೋಣೆಗಳಲ್ಲಿದ್ದಾರೆ, ಹಳ್ಳಿಯ ಉಪಕೇಂದ್ರಗಳಲ್ಲಿ ಟ್ಯಾಬ್ ಹಿಡಿದು ಕುಳಿತಿದ್ದಾರೆ. ಡೇಟಾ ಎಂಟ್ರಿ ಆಪರೇಟರು, ಲ್ಯಾಬ್ ಟೆಕ್ನಿಷಿಯನ್ನು, ಸಮುದಾಯ ಆರೋಗ್ಯ ಅಧಿಕಾರಿ, ಆಯುಷ್ಮಾನ್ ಅನುಮೋದನೆಗಾಗಿ ಪರದೆಯ ಮುಂದೆ ಕಾಯುವ ಆರೋಗ್ಯ ಮಿತ್ರ, ಇವರಲ್ಲಿ ಬಹಳಷ್ಟು ಜನ ತಮ್ಮನ್ನು ಮಾಹಿತಿ ತಂತ್ರಜ್ಞಾನದವರು ಎಂದು ಕರೆದುಕೊಳ್ಳುವುದೂ ಇಲ್ಲ. ಈ ನಾಲ್ಕು ತಾಲೂಕು, ಐದು ಊರುಗಳ ಇಂಥ ಕೆಲಸಗಾರರು ವರ್ಷಕ್ಕೆ ನಾಲ್ಕು ಸಲವಾದರೂ ಒಂದೆಡೆ ಕೂಡಬೇಕು ಎನ್ನುವುದು ನನ್ನ ಇವತ್ತಿನ ಮಾತು. ಕೂಡಿ ಫೋಟೊ ತೆಗೆಸಿಕೊಳ್ಳುವುದಕ್ಕಲ್ಲ. ರೋಗಿಯ ಹಿಂದೆಯೇ ರೋಗಿಯ ದಾಖಲೆಯೂ ಹೋಗಬೇಕಾದರೆ, ಆ ದಾಖಲೆ ಬರೆಯುವವರಿಗೆ ಒಬ್ಬರ ಗುರುತು ಒಬ್ಬರಿಗೆ ಇರಲೇಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಚಿಂಚೋಳಿ ತಾಲೂಕಿನ ಒಂದು ತಾಂಡಾದಲ್ಲಿ ಶಾಂತಾಬಾಯಿ ಎಂಬ ಬಸುರಿ ಹೆಣ್ಣುಮಗಳು ಇದ್ದಾಳೆ ಎಂದಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆ ತನ್ನ ಡೈರಿಯಲ್ಲಿ ಅವಳ ಹೆಸರು ಬರೆದುಕೊಳ್ಳುತ್ತಾಳೆ. ಉಪಕೇಂದ್ರದಲ್ಲಿ ತಾಯಿ ಕಾರ್ಡ್ ಸಿಗುತ್ತದೆ, ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲ್ಲಿನಲ್ಲಿ 12 ಅಂಕಿಗಳ ಒಂದು ಸಂಖ್ಯೆ ಹುಟ್ಟುತ್ತದೆ. ಆಭಾ ಎಂಬ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನೂ ಮಾಡಿಸಬೇಕು. ಆದರೆ ಒಟಿಪಿ ಹೋಗುವ ಮೊಬೈಲು ಗಂಡನ ಕೈಯಲ್ಲಿದೆ, ಗಂಡ ಮುಂಬಯಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಐದನೆಯ ತಿಂಗಳಲ್ಲಿ ಅವಳೂ ಅಲ್ಲಿಗೆ ಹೋಗುತ್ತಾಳೆ. ಎಂಟನೆಯ ತಿಂಗಳಲ್ಲಿ ಸೇಡಂ ತಾಲೂಕಿನ ತವರಿಗೆ ಬರುತ್ತಾಳೆ. ನೋವು ಬಂದಾಗ ಮನೆಯವರು ಹತ್ತಿರವಾಗುತ್ತದೆಂದು ಗಡಿ ದಾಟಿ ತೆಲಂಗಾಣದ ತಾಂಡೂರಿಗೆ ಕರೆದೊಯ್ಯುತ್ತಾರೆ. ಹೆರಿಗೆ ಅಲ್ಲಾಗುತ್ತದೆ. ಕೂಸಿಗೆ ಮುಂದಿನ ಲಸಿಕೆ ಸೇಡಂ ತಾಲೂಕಿನ ತವರೂರಿನಲ್ಲಿ ಬೀಳುತ್ತದೆ. ಇತ್ತ ಚಿಂಚೋಳಿಯ ಪರದೆಯ ಮೇಲೆ ಶಾಂತಾಬಾಯಿ ಇನ್ನೂ ಬಸುರಿಯಾಗಿಯೇ ಇದ್ದಾಳೆ, ಹೆರಿಗೆಯ ಮಾಹಿತಿ ಬಾಕಿ ಎಂದು ತೋರಿಸುತ್ತಿದೆ. ಸೇಡಂನಲ್ಲಿ ಅವಳ ಹೆಸರು ಶಾಂತಾ ರಾಠೋಡ್ ಎಂದಾಗಿದೆ. ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತವೇ ಬೇರೆ. ಕಂಪ್ಯೂಟರಿನ ಪಾಲಿಗೆ ಇವರು ಮೂರು ಹೆಂಗಸರು.

ಈ ಗಂಟನ್ನು ಬಿಡಿಸುವುದು ಕಷ್ಟವೇನಲ್ಲ. ಚಿಂಚೋಳಿಯ ಆಪರೇಟರು ಸೇಡಂನವರಿಗೆ ಒಂದು ಫೋನು ಮಾಡಿದರೆ, ಸೇಡಂನವರಿಗೆ ತಾಂಡೂರಿನ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಯಾರನ್ನು ಕೇಳಬೇಕೆಂದು ಗೊತ್ತಿದ್ದರೆ, ಹತ್ತು ನಿಮಿಷದ ಕೆಲಸ. ಫೋನು ಮಾಡುವುದು ಯಾರಿಗೆ ಎಂಬುದೇ ತಿಳಿಯದಿದ್ದಾಗ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ. ಅದರ ಹೊರೆ ಬೀಳುವುದು ಕೆಳಗಿನವರ ಮೇಲೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕುಳಿತಾಗ ಅವರ ದೂರುಗಳಲ್ಲಿ ಒಂದು ಇದೇ ಆರ್‌ಸಿಎಚ್ ಪೋರ್ಟಲ್ಲಿಗೆ ಸಂಬಂಧಿಸಿದ್ದಾಗಿತ್ತು: ದುಡಿದ ಕೆಲಸ ಪೋರ್ಟಲ್ಲಿನಲ್ಲಿ ಕಾಣಿಸದಿದ್ದರೆ ಪ್ರೋತ್ಸಾಹಧನವೂ ಕೈಗೆ ಬರುವುದಿಲ್ಲ. ಒಂದು ಕಾಲಮ್ಮು ಖಾಲಿ ಉಳಿಯುವುದು ಎಂದರೆ ಒಬ್ಬ ಹೆಣ್ಣುಮಗಳ ಸಂಪಾದನೆ ತಪ್ಪುವುದು ಎಂದೂ ಅರ್ಥ.

ಇದಕ್ಕೆಲ್ಲ ತಂತ್ರಜ್ಞಾನದಲ್ಲೇ ಪರಿಹಾರ ಬರುತ್ತಿದೆಯಲ್ಲ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಹಾಕಿಕೊಂಡಿರುವ ಗುರಿಯೇ ಅದು. ಒಬ್ಬರಿಗೆ ಒಂದೇ ಆರೋಗ್ಯ ಸಂಖ್ಯೆ, ಪ್ರತಿ ಆಸ್ಪತ್ರೆಗೂ ಪ್ರತಿ ವೈದ್ಯರಿಗೂ ನೋಂದಣಿ, ಒಂದು ಆಸ್ಪತ್ರೆಯ ವರದಿಯನ್ನು ಇನ್ನೊಂದು ಆಸ್ಪತ್ರೆ ಓದಬಲ್ಲಂಥ ಸಮಾನ ನಮೂನೆ. ಇದು ದೊಡ್ಡ ಕೆಲಸ, ಆಗಲೇಬೇಕಾದ ಕೆಲಸ. ಆದರೆ ಮಾನದಂಡ ಹೇಳುವುದು ತಾರೀಖನ್ನು ಯಾವ ರೀತಿ ಬರೆಯಬೇಕು ಎಂಬುದನ್ನು. ಬರೆದ ತಾರೀಖು ಸರಿಯೇ, ಈ ಶಾಂತಾಬಾಯಿ ಆ ಶಾಂತಾ ರಾಠೋಡಳೇ ಎಂಬುದನ್ನು ಅದು ಹೇಳಲಾರದು. ನಮ್ಮ ಭಾಗದಲ್ಲೇ ಇದಕ್ಕೊಂದು ನಿದರ್ಶನವಿದೆ. 2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಿಯವರ ಸಮಾರಂಭ ನಡೆದು, ಕಂದಾಯ ಗ್ರಾಮಗಳಾದ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಅಲ್ಲಿಯವರೆಗೆ ಪಕ್ಕದ ಹಳ್ಳಿಯ ಹೆಸರಿನಲ್ಲಿ ದಾಖಲಾಗುತ್ತಿದ್ದ ತಾಂಡಾ ಈಗ ಸ್ವತಂತ್ರ ಗ್ರಾಮ. ಹಾಗೆಂದರೆ ಅದಕ್ಕೆ ಸರ್ಕಾರದ ಗ್ರಾಮ ಪಟ್ಟಿಯಲ್ಲಿ ಸ್ವಂತ ಸಂಕೇತ ಸಂಖ್ಯೆ ಬೇಕು, ಆ ಸಂಖ್ಯೆ ಆರೋಗ್ಯದ ಪ್ರತಿಯೊಂದು ಪೋರ್ಟಲ್ಲಿಗೂ ಇಳಿಯಬೇಕು, ಹಳೆಯ ಹಳ್ಳಿಯ ಲೆಕ್ಕದಲ್ಲಿರುವ ಕುಟುಂಬಗಳು ಹೊಸದಕ್ಕೆ ಸರಿಯಬೇಕು. ಯಾವ ತಾಂಡಾ ಯಾವ ಹಳ್ಳಿಯಿಂದ ಬೇರೆಯಾಯಿತು, ಜನ ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದು ಬೆಂಗಳೂರಿನ ಸರ್ವರಿಗೆ ತಿಳಿಯದು. ಚಿಂಚೋಳಿ, ಸೇಡಂನ ಉಪಕೇಂದ್ರಗಳಲ್ಲಿ ದುಡಿಯುವವರಿಗೆ ತಿಳಿದಿದೆ.

ಇನ್ನೊಂದು ಘಟನೆ ಕಲಬುರಗಿ ಜಿಲ್ಲೆ ಮರೆಯಲಾಗದ್ದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರನ್ನು ಕಲಬುರಗಿಯಿಂದ ಹೈದರಾಬಾದಿಗೆ ಕರೆದೊಯ್ದು, ಅಲ್ಲಿಂದ ಮರಳಿ ತರುವ ದಾರಿಯಲ್ಲಿ ಪ್ರಾಣ ಹೋಗಿತ್ತು. ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಿದ್ದ ಮಾದರಿಯ ಫಲಿತಾಂಶ ಪ್ರಕಟವಾದದ್ದು 12ರಂದು. ದೇಶದ ಮೊದಲ ಕೋವಿಡ್ ಸಾವು ಅದಾಗಿತ್ತು. ಯಾವುದೋ ಒಂದು ಕೂಟ ನಡೆದಿದ್ದರೆ ಆ ಸಾವು ತಪ್ಪುತ್ತಿತ್ತು ಎಂದು ಹೇಳಿದರೆ ಅದು ಸುಳ್ಳಾದೀತು. ನಾನು ಹೇಳುತ್ತಿರುವುದು ಇಷ್ಟೇ: ನಮ್ಮ ಸೀಮೆಯ ರೋಗಿ ಸಹಜವಾಗಿಯೇ ರಾಜ್ಯದ ಗಡಿ ದಾಟುತ್ತಾನೆ, ಕಾಗದ ಅವನಿಗಿಂತ ನಿಧಾನವಾಗಿ ಸಾಗುತ್ತದೆ. ಚಿಂಚೋಳಿ ಮತ್ತು ಸೇಡಂ ಎರಡೂ ತೆಲಂಗಾಣಕ್ಕೆ ಅಂಟಿಕೊಂಡ ತಾಲೂಕುಗಳು. ಇಲ್ಲಿನ ಆರೋಗ್ಯ ದಾಖಲೆಯ ಬಗ್ಗೆ ಚರ್ಚೆ ನಡೆಯುವಾಗ ತಾಂಡೂರಿನವರು ಇಲ್ಲದಿದ್ದರೆ ಅರ್ಧ ಚಿತ್ರವೇ ಇರುವುದಿಲ್ಲ. ರಾಜ್ಯಮಟ್ಟದ ಸಭೆಗೆ ಅವರನ್ನು ಕರೆಯಲು ಕಡತ ಎರಡು ರಾಜಧಾನಿಗಳನ್ನು ಸುತ್ತಬೇಕು. ಪ್ರಾದೇಶಿಕ ಕೂಟಕ್ಕಾದರೆ ಅವರು ರೈಲು ಹತ್ತಿ ಬಂದು ಸಂಜೆಗೆ ಮನೆ ಸೇರಬಹುದು.

ಮನುಷ್ಯರು ಎದುರುಬದುರಾಗಿ ಕೂಡುವುದರಿಂದ ವ್ಯವಸ್ಥೆ ನಡೆಯುತ್ತದೆ ಎನ್ನುವುದಕ್ಕೆ ಈ ಮಣ್ಣಿನದೇ ಆಧಾರವಿದೆ. ಬಡವರ ದೊಡ್ಡ ಕಾಯಿಲೆಗಳಿಗೆ ನಗದುರಹಿತ ಚಿಕಿತ್ಸೆ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಗುಲಬರ್ಗಾ ವಿಭಾಗದಲ್ಲಿ. ಯೋಜನೆ ಇದ್ದ ಮತ್ತು ಇಲ್ಲದ ಗಡಿಯ ಆಚೀಚೆಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸಾಯುವವರು ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಕಡಿಮೆ ಎಂದು ಅದು ಕಂಡುಕೊಂಡಿತು. ಈ ಯೋಜನೆಯಲ್ಲಿ ಚಿಕಿತ್ಸೆಗೆ ಮುನ್ನ ಪಡೆಯಬೇಕಾದ ಅನುಮೋದನೆಯ ವ್ಯವಸ್ಥೆ ಒಂದು ಕಡೆ ಇತ್ತು. ಇನ್ನೊಂದು ಕಡೆ ನಗರದ ಆಸ್ಪತ್ರೆಯವರು ಹಳ್ಳಿಗಾಡಿಗೆ ಬಂದು ನಡೆಸಿದ ಆರೋಗ್ಯ ಶಿಬಿರಗಳಿದ್ದವು. ರೋಗಿ, ಆರೋಗ್ಯ ಮಿತ್ರ, ಆಸ್ಪತ್ರೆಯ ಪ್ರತಿನಿಧಿ ಒಂದೇ ಶಾಮಿಯಾನದ ಕೆಳಗೆ ಮುಖ ನೋಡಿಕೊಂಡರು. ಅಂಥ ಭೇಟಿ ಇಲ್ಲದಿದ್ದರೆ ಅನುಮೋದನೆ ಕೇಳುವ ಅರ್ಜಿಗಳೇ ಅಷ್ಟು ಹುಟ್ಟುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಹೊರಗಿನ ಪ್ರಪಂಚದಲ್ಲೂ ಇದೇ ಪಾಠ ಸಿಗುತ್ತದೆ. ಇಂದು 70ಕ್ಕೂ ಹೆಚ್ಚು ದೇಶಗಳಲ್ಲಿ ಬಳಕೆಯಲ್ಲಿರುವ ಡಿಎಚ್‌ಐಎಸ್ ಎಂಬ ಆರೋಗ್ಯ ಮಾಹಿತಿ ತಂತ್ರಾಂಶದ ಬೇರು ಇರುವುದು ವರ್ಣಭೇದ ಕೊನೆಗೊಂಡ ದಕ್ಷಿಣ ಆಫ್ರಿಕದ ಚಿಕಿತ್ಸಾಲಯಗಳಲ್ಲಿ. ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ಸಿಬ್ಬಂದಿಯ ಜೊತೆ ಕುಳಿತು ಅದನ್ನು ಕಟ್ಟಿದರು. ಭಾರತಕ್ಕೆ ಅದು ಮೊದಲು ಬಂದದ್ದೂ ದೊಡ್ಡ ನಗರಕ್ಕಲ್ಲ, ನಮ್ಮ ಕೋಲಾರದ ಗಡಿಗೆ ತಾಗಿದ ಆಂಧ್ರದ ಕುಪ್ಪಂಗೆ, 2000ದಲ್ಲಿ. ಆ ತಂಡದ ಯೋರ್ನ್ ಬ್ರಾ, ಎರಿಕ್ ಮೊಂಟೈರೊ, ಸುಂದೀಪ್ ಸಹಾಯ್ 2004ರಲ್ಲಿ ತಮ್ಮ ಅನುಭವವನ್ನು ಬರೆದರು. ಒಂದೇ ಊರಿನಲ್ಲಿ ಒಂಟಿಯಾಗಿ ನಡೆಸಿದ ಪ್ರಯೋಗ ಯೋಜನೆಯ ಹಣ ಮುಗಿದೊಡನೆ ಸೊರಗುತ್ತದೆ, ಹಲವು ಊರುಗಳನ್ನು ಬೆಸೆದು ಒಬ್ಬರ ಕಲಿಕೆ ಇನ್ನೊಬ್ಬರಿಗೆ ಹರಿಯುವಂತೆ ಮಾಡಿದಲ್ಲಿ ಉಳಿಯುತ್ತದೆ ಎಂಬುದು ಅವರ ವಾದದ ಸಾರ. ಇವತ್ತಿಗೂ ಆ ತಂತ್ರಾಂಶದ ಬಳಕೆದಾರರು ಪ್ರದೇಶವಾರು ಕೂಡಿ ಕಲಿಯುತ್ತಾರೆ. ಅಮೆರಿಕದಲ್ಲಿ 1961ರಲ್ಲಿ ಸಣ್ಣದಾಗಿ ಹುಟ್ಟಿದ, ಆರೋಗ್ಯ ಮಾಹಿತಿ ಕ್ಷೇತ್ರದವರ ಹಿಮ್ಸ್ ಸಂಸ್ಥೆಗೂ ಪ್ರದೇಶಗಳ ಶಾಖೆಗಳಿವೆ. ಅದರ ವಾರ್ಷಿಕ ಸಮ್ಮೇಳನ ಈಗ ಕಂಪನಿಗಳ ದೊಡ್ಡ ಮೇಳವಾಗಿ ಬೆಳೆದಿದೆ. ನಮಗೆ ಆ ಮೇಳ ಬೇಡ, ಶಾಖೆ ಬೇಕು.

ಸಭೆಗಳೇ ಹೆಚ್ಚಾಗಿ ಕೆಲಸಕ್ಕೆ ಹೊತ್ತಿಲ್ಲ, ಇನ್ನೊಂದು ಸಭೆ ಯಾಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ತಿಂಗಳ ಸಭೆ ಇದೆ, ಪ್ರಗತಿ ಪರಿಶೀಲನೆ ಇದೆ, ವಿಡಿಯೊ ಕಾನ್ಫರೆನ್ಸ್ ಇದೆ, ನಿಜ. ಅವುಗಳಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತದೆ. ನಿಮ್ಮದು ಶೇಕಡ ಎಷ್ಟಾಯಿತು ಎಂದು ಮೇಲಿನವರು ಕೇಳುತ್ತಾರೆ, ಕೆಳಗಿನವರು ಎದ್ದು ನಿಂತು ಉತ್ತರಿಸುತ್ತಾರೆ. ಪೋರ್ಟಲ್ ತಪ್ಪು ತೋರಿಸುತ್ತಿದೆ ಎಂದರೆ ನೆಪದಂತೆ ಕೇಳಿಸುತ್ತದೆ, ಆದ್ದರಿಂದ ಯಾರೂ ಹೇಳುವುದಿಲ್ಲ. ಅಂಕಿ ಕೇಳುವ ಸಭೆಯಲ್ಲಿ ತೊಂದರೆ ಹೊರಬೀಳುವುದಿಲ್ಲ. ಸಮಾನರು ಕೂಡಿದಲ್ಲಿ ಮಾತ್ರ ಚಿತ್ತಾಪುರದವರು ತಾವು ಕಂಡುಕೊಂಡ ದಾರಿಯನ್ನು ಶಹಾಬಾದಿನವರಿಗೆ ಹೇಳಿಕೊಡುತ್ತಾರೆ. ವಾಟ್ಸಾಪ್ ಗುಂಪು ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇದೆ. ಆ ಗುಂಪುಗಳಲ್ಲಿ ಆದೇಶ ಬರುತ್ತದೆ, ಜ್ಞಾಪನೆ ಬರುತ್ತದೆ, ಜೊತೆಗೆ ರೋಗಿಯ ಹೆಸರು, ಆಧಾರ್, ರಕ್ತ ಪರೀಕ್ಷೆಯ ವರದಿ ಇರುವ ಕಾಗದದ ಫೋಟೊ ಹಾಕುವ ಚಾಳಿಯೂ ಬೆಳೆಯುತ್ತದೆ. ಅದನ್ನು ನಿಲ್ಲಿಸಬೇಕು.

ಈ ಮಾತೇ ನನ್ನ ವಾದದ ವಿರುದ್ಧ ಇರುವ ಅತಿ ಬಲವಾದ ಆಕ್ಷೇಪಕ್ಕೆ ತಂದು ನಿಲ್ಲಿಸುತ್ತದೆ. ದಾಖಲೆ ಬರೆಯುವವರು ಪರಸ್ಪರ ಪರಿಚಿತರಾದರೆ ರೋಗಿಯ ಗುಟ್ಟು ಫೋನಿನಲ್ಲೇ ಊರೂರು ಸುತ್ತುವುದಿಲ್ಲವೇ? ಕ್ಷಯ, ಎಚ್‌ಐವಿ, ಗರ್ಭಪಾತ, ಮಾನಸಿಕ ಕಾಯಿಲೆ, ಸಣ್ಣ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಒಂದು ಬಾಳು ಹಾಳಾಗಬಹುದು. ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಪರಿಚಿತರಾಗಿ ಉಳಿದದ್ದರಿಂದ ಗೋಪ್ಯತೆ ಕಾಪಾಡಿದಂತಾಗಿಲ್ಲ, ನಿಯಮವಿಲ್ಲದ ವಿನಿಮಯ ಈಗಲೂ ನಡೆದೇ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಕೌಂಟರಿನಲ್ಲಿ ಕುಳಿತವರಿಗೆ ಅದನ್ನು ಅವರ ಕೆಲಸದ ಮಾತಿನಲ್ಲಿ ಹೇಳುವವರು ಬೇಕು. ಫೋನಿನಲ್ಲಿ ಸಂಖ್ಯೆ ಮಾತ್ರ ಹೇಳಬೇಕು, ಕಾಯಿಲೆಯ ಹೆಸರು ಎತ್ತಬಾರದು, ಫೋಟೊ ಕಳಿಸಬಾರದು, ಯಾರು ಯಾವಾಗ ಏನು ಕೇಳಿದರು ಎಂಬುದಕ್ಕೆ ಒಂದು ಪುಸ್ತಕ ಇಡಬೇಕು. ಇಂಥ ನಾಲ್ಕು ನಿಯಮಗಳನ್ನು ಜೊತೆಗೆ ಕುಳಿತು ಒಪ್ಪಿಕೊಂಡವರು ಅವನ್ನು ಮುರಿಯಲು ಹಿಂಜರಿಯುತ್ತಾರೆ. ಸರ್ವರ್ ಬಿದ್ದರೆ ಏನು ಮಾಡಬೇಕು ಎಂಬ ಅಭ್ಯಾಸವೂ ಇಲ್ಲೇ ಆಗಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ನಡೆದಾಗ ದೇಶದ ಅಗ್ರ ಆಸ್ಪತ್ರೆಯೇ ದಿನಗಟ್ಟಲೆ ಕೈಬರಹದ ಪುಸ್ತಕಕ್ಕೆ ಮರಳಬೇಕಾಯಿತು.

ಕೂಟಕ್ಕೆ ಸರ್ಕಾರಿ ಸಿಬ್ಬಂದಿ ಮಾತ್ರ ಸಾಲದು. ಸೇಡಂ, ಮಳಖೇಡ, ವಾಡಿ ಸಿಮೆಂಟಿನ ಊರುಗಳು, ಶಹಾಬಾದ್ ಪರಸಿ ಕಲ್ಲಿನ ಊರು. ಸುಣ್ಣಕಲ್ಲಿನ ಗಣಿಯಲ್ಲಿ ದುಡಿಯುವವರಿಗೆ ಕಾನೂನಿನ ಪ್ರಕಾರ ನಿಯತಕಾಲಿಕ ವೈದ್ಯಕೀಯ ತಪಾಸಣೆ ಆಗಬೇಕು, ಎದೆಯ ಎಕ್ಸ್‌ರೇಯೂ ಅದರಲ್ಲಿ ಸೇರಿದೆ. ಆ ದಾಖಲೆ ಕಾರ್ಖಾನೆಯ ಕಪಾಟಿನಲ್ಲಿರುತ್ತದೆ. ಅದೇ ಕಾರ್ಮಿಕ ಗುತ್ತಿಗೆ ಮುಗಿದು ಕೆಮ್ಮುತ್ತ ಸರ್ಕಾರಿ ಆಸ್ಪತ್ರೆಗೆ ಬಂದರೆ ಕಫ ಪರೀಕ್ಷೆಯಾಗಿ ಕ್ಷಯದ ನಿಕ್ಷಯ್ ಪೋರ್ಟಲ್ಲಿನಲ್ಲಿ ಇನ್ನೊಂದು ದಾಖಲೆ ತೆರೆಯುತ್ತದೆ. ಸಿಲಿಕಾ ದೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಸಿಲಿಕೋಸಿಸ್ ಎಂದು ಗುರುತಾದರೆ ಪರಿಹಾರದ ಹಕ್ಕು ಹುಟ್ಟುತ್ತದೆ, ಬರೀ ಕ್ಷಯ ಎಂದಾದರೆ ಆ ಹಕ್ಕು ಕಾಣದೆ ಹೋಗುತ್ತದೆ. ಹಳೆಯ ಎಕ್ಸ್‌ರೇ ಎಲ್ಲಿದೆ ಎಂದು ಕೇಳಬಲ್ಲ ಒಂದು ಪರಿಚಯ ಆ ಕುಟುಂಬಕ್ಕೆ ಎಷ್ಟು ದೊಡ್ಡದು ಎಂದು ನೀವೇ ಯೋಚಿಸಿ. ಆದ್ದರಿಂದ ಕಾರ್ಖಾನೆ ಆಸ್ಪತ್ರೆಗಳವರು, ಇಎಸ್‌ಐನವರು, ವಾಡಿಯ ರೈಲ್ವೆ ಆರೋಗ್ಯ ಸಿಬ್ಬಂದಿ, ಖಾಸಗಿ ಲ್ಯಾಬುಗಳವರು ಎಲ್ಲರೂ ಅಲ್ಲಿರಬೇಕು.

ಜಾಗ ವಾಡಿಯೇ ಸರಿ ಎಂದು ನನ್ನ ಅಭಿಪ್ರಾಯ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ರೈಲು 1874ರಲ್ಲೇ ಬಂತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ತಾಂಡೂರು ಇವತ್ತಿಗೂ ಒಂದೇ ಹಳಿಯ ಮೇಲಿವೆ. ರೈಲಿಲ್ಲದ ಚಿಂಚೋಳಿಯವರಿಗೆ ಮಾತ್ರ ವಾಹನದ ವ್ಯವಸ್ಥೆ ಮಾಡಬೇಕಾಗುತ್ತದೆ. ಗುತ್ತಿಗೆ ನೌಕರರಿಗೆ ಆ ದಿನ ಓಓಡಿ, ಅಂದರೆ ಅನ್ಯ ಕರ್ತವ್ಯ, ಎಂದು ಲಿಖಿತ ಆದೇಶ ಸಿಗಬೇಕು, ಪ್ರಯಾಣದ ಖರ್ಚು ಸಿಗಬೇಕು. ತಂತ್ರಾಂಶ ಮಾರುವ ಕಂಪನಿಗಳ ಹಣ ಮಾತ್ರ ಬೇಡ. ಅವರ ಎಂಜಿನಿಯರುಗಳು ಬರಲಿ, ಬಂದು ಕೇಳಿಸಿಕೊಳ್ಳಲಿ. 2023ರಲ್ಲಿ ರಚನೆಯಾದ ರಾಜ್ಯ ಸರ್ಕಾರದಲ್ಲಿ ಮಾಹಿತಿ ತಂತ್ರಜ್ಞಾನ ಖಾತೆ ಚಿತ್ತಾಪುರದ ಶಾಸಕರಿಗೂ ವೈದ್ಯಕೀಯ ಶಿಕ್ಷಣ ಖಾತೆ ಸೇಡಂ ಶಾಸಕರಿಗೂ ಬಂದಿತು. ನೆರೆಹೊರೆಯ ಎರಡು ಕ್ಷೇತ್ರಗಳಿಗೆ ಈ ಎರಡು ಖಾತೆಗಳು ಸಿಕ್ಕಿದ್ದು ಈ ಕೂಟವನ್ನು ಆರಂಭಿಸಲು ದೊರೆತ ಅವಕಾಶ ಎಂದೇ ನಾನು ತಿಳಿಯುತ್ತೇನೆ. ಮೊದಲ ದಿನ ಭಾಷಣ ಇಡಬಾರದು. ಚಿಂಚೋಳಿ ಮತ್ತು ಸೇಡಂನವರು ಹೆರಿಗೆ ಬಾಕಿ ಎಂದು ತೋರಿಸುವ ಆರ್‌ಸಿಎಚ್ ಸಂಖ್ಯೆಗಳ ಪಟ್ಟಿ ತರಲಿ, ತಾಂಡೂರಿನವರು ಕರ್ನಾಟಕದ ವಿಳಾಸದ ಹೆರಿಗೆಗಳ ಪಟ್ಟಿ ತರಲಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಊಟದ ಹೊತ್ತಿನೊಳಗೆ ಎಷ್ಟು ಹೆಸರುಗಳು ಹೊಂದುತ್ತವೆ ಎಂದು ನೋಡಲಿ. ಹೊಂದದೆ ಉಳಿದ ಹೆಸರುಗಳನ್ನು ಹಂಚಿಕೊಂಡು ಹೋಗಿ, ಮನೆ ಹುಡುಕಿ, ಮೂರು ತಿಂಗಳ ನಂತರ ಮತ್ತೆ ತರಲಿ.