ಮೊದಲು ವಾರ್ಡು ನೋಡಿ, ಆಮೇಲೆ ಕಾಲೇಜು ಸೇರಿ

ಸೋಲೂರು, ಕುದೂರು, ಮಾಗಡಿ ಕಡೆಯ ತಮ್ಮಂದಿರೇ, ತಂಗಿಯರೇ, ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ನರ್ಸಿಂಗ್ ಕಾಲೇಜುಗಳ ಜಾಹೀರಾತು ನಿಮ್ಮ ಮೊಬೈಲಿಗೆ ಬಂದು ಬೀಳುತ್ತವೆ. ಕಟ್ಟಡ, ಬಸ್ಸು, ಹಾಸ್ಟೆಲ್ಲು ಎಲ್ಲದರ ಫೋಟೊ ಇರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಇವರ ಆಸ್ಪತ್ರೆ ಎಲ್ಲಿ?

ಯಾಕೆ ಅಂತೀರಾ? ಒಂದು ಉದಾಹರಣೆ ನೋಡಿ: 500 ಎಂ.ಎಲ್. ಸಲೈನು 4 ಗಂಟೆಯಲ್ಲಿ ಇಳಿಯಬೇಕು, ಎಂ.ಎಲ್.ಗೆ 20 ಹನಿಯ ಸೆಟ್ಟು. ನಿಮಿಷಕ್ಕೆ ಸುಮಾರು 42 ಹನಿ. ತರಗತಿಯಲ್ಲಿ ಇದು ಎರಡು ಸಾಲಿನ ಲೆಕ್ಕ. ವಾರ್ಡಿನಲ್ಲಿ ಅಜ್ಜಿ ನಿದ್ದೆಗಣ್ಣಲ್ಲಿ ಕೈ ಮಡಚುತ್ತಾರೆ, ಹನಿ ನಿಲ್ಲುತ್ತದೆ, ಸೂಜಿ ಚುಚ್ಚಿದ ಜಾಗ ಊದಿಕೊಳ್ಳುತ್ತದೆ. ತಕ್ಷಣ ಡ್ರಿಪ್ ನಿಲ್ಲಿಸಿ, ಬೇರೆ ನರ ಹುಡುಕಿ, ಅಜ್ಜಿಗೆ ಧೈರ್ಯ ಹೇಳಿ, ಮತ್ತೆ ಗಡಿಯಾರ ನೋಡುತ್ತ ಹನಿ ಎಣಿಸಬೇಕು. ಪಕ್ಕದಲ್ಲೇ ನಿಂತು ಹಿರಿಯ ಸಿಸ್ಟರ್ ಒಬ್ಬರು ತಿದ್ದದಿದ್ದರೆ ಈ ಕೈಗುಣ ಯಾವ ಪುಸ್ತಕದಿಂದಲೂ ಬರದು.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸಿಂಗ್ ಶಾಲೆ ತೆರೆದದ್ದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ. ನಮ್ಮ ನರ್ಸಿಂಗ್ ಕೌನ್ಸಿಲ್ ಕೂಡ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕೆನ್ನುತ್ತದೆ, ಒಬ್ಬ ವಿದ್ಯಾರ್ಥಿಗೆ 3 ರೋಗಿಗಳ ಲೆಕ್ಕ ಇಡುತ್ತದೆ. ಬೇರೆ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ತಪ್ಪಲ್ಲ, ಒಂದೇ ಕಡೆ ಸಿಗದ ಅನುಭವ ಅದರಿಂದ ದಕ್ಕುತ್ತದೆ. ಆದರೆ ಒಂದೇ ಮಂಚದ ಸುತ್ತ ಮೂರು ಕಾಲೇಜಿನವರು ಮುತ್ತಿಕೊಂಡರೆ ಹಿಂದೆ ನಿಂತವಳಿಗೆ ಕಾಣುವುದು ಮುಂದಿನವಳ ಬೆನ್ನು ಮಾತ್ರ. ಅಂಥ ಒಪ್ಪಂದ ಕಾಗದಕ್ಕಷ್ಟೇ ಲಾಯಕ್ಕು!

ಕಾಲೇಜು–ಆಸ್ಪತ್ರೆಯ ಸಂಬಂಧ ಗಟ್ಟಿಯಾದರೆ ಆಸ್ಪತ್ರೆಗೂ ಲಾಭ. ತನ್ನ ವಾರ್ಡಿನಲ್ಲೇ ಪಳಗಿದ ನರ್ಸು ಕೆಲಸಕ್ಕೆ ಸೇರಿದ ಮೊದಲ ದಿನವೇ ರಾತ್ರಿ ಪಾಳಿಗೆ ಅಂಜುವುದಿಲ್ಲ. ನಮ್ಮೂರಿಗೂ ಲಾಭವೇ. ಬೆಂಗಳೂರು–ಮಂಗಳೂರು ಹೆದ್ದಾರಿ ಸೋಲೂರನ್ನು ಹಾದೇ ಹೋಗುತ್ತದೆ. ಅಪಘಾತದ ಗಾಯಾಳು, ಹೆರಿಗೆಗೆ ಬಂದ ಹೆಣ್ಣುಮಗಳು, ಸಕ್ಕರೆ ಕಾಯಿಲೆಯ ರೈತ, ಇವರೆಲ್ಲರ ಮಾತು ಅರಿತ ನರ್ಸು ನಮ್ಮ ಹೋಬಳಿಯಿಂದಲೇ ಬರಬೇಕು. ಸಮುದಾಯ ಆರೋಗ್ಯದ ಪೋಸ್ಟಿಂಗ್ ಪಠ್ಯದಲ್ಲೇ ಇದೆ. ಆ ಪೋಸ್ಟಿಂಗ್ ನಮ್ಮೂರ ಕಡೆ ಹಾಕಿಸಿ ಎಂದು ಕಾಲೇಜನ್ನು ಧೈರ್ಯವಾಗಿ ಕೇಳಿ. ಹುಡುಗರೇ, ಇದು ಹೆಣ್ಣುಮಕ್ಕಳ ಕೆಲಸವೆಂದು ದೂರ ನಿಲ್ಲಬೇಡಿ. ಕಲಾ ವಿಭಾಗದಲ್ಲಿ ಓದಿದವರಿಗೂ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾದ ಬಾಗಿಲು ತೆರೆದಿದೆ.

ಶುಲ್ಕ ಕಟ್ಟುವ ಮೊದಲು ಅಪ್ಪ ಅಮ್ಮನನ್ನು ಕರೆದುಕೊಂಡು ಆ ಆಸ್ಪತ್ರೆಗೇ ಹೋಗಿ. ಡ್ಯೂಟಿ ಮುಗಿಸಿ ಬರುವ ಮೂರನೇ ವರ್ಷದ ವಿದ್ಯಾರ್ಥಿಯೊಬ್ಬಳನ್ನು ನಿಲ್ಲಿಸಿ, ಇವತ್ತು ಎಷ್ಟು ರೋಗಿಗಳನ್ನು ನೀನೇ ನೋಡಿಕೊಂಡೆ ಅಕ್ಕ ಎಂದು ಕೇಳಿ.